ನಾವು ಸಾಕಿದ ಮೂಕಪ್ರಾಣಿಗಳು

ಶಾಲೆಯ ಹಳೆಯ ಸಂಗತಿಗಳನ್ನೂ ವಿದ್ಯಾರ್ಥಿನಿಯರ ಏಳಿಗೆಯ ವೃತ್ತಾಂತವನ್ನೂ ಓದಬೇಕೆಂದು ಈ ಸ್ಮರಣಸಂಚಿಕೆಯ ಪುಟಗಳನ್ನು ತಿರುವುತ್ತಿರುವ ವಾಚಕರಿಗೆ, ನಡುವೆ ನಾಯಿಬೆಕ್ಕುಗಳ ಪ್ರಸ್ತಾಪ ಬಂದುದನ್ನು ಕಂಡು ಆಶ್ಚರ್ಯವಾದೀತು. ಆದರೆ ಇದು ನಮ್ಮ ತರಗತಿಯಲ್ಲಿಯೇ ಹುಟ್ಟಿದ ವಿಷಯ. ಇದರಲ್ಲಿ ನಾವು ಕಲಿಸಿದುದಕ್ಕಿಂತ ಕಲಿತುದೇ ಹೆಚ್ಚು. ಆದುದರಿಂದ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಇದನ್ನು ಒಂದು ಪಾಠವೆಂದೇ ಎಣಿಸಿ ಓದಬೇಕೆಂದು ಬೇಡುತ್ತೇವೆ.

ಒಂದು ದಿನ ನೀತಿಪಾಠದ ವೇಳೆಯಲ್ಲಿ ಪ್ರಾಣಿದಯೆಯ ವಿಷಯ ಬಂದಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯ ಹುಡುಗಿಯರೇ ತರಗತಿಯಲ್ಲಿ ಬಹಳ. "ನಿಮ್ಮ ಮನೆಯಲ್ಲಿ ಸಾಕುಪ್ರಾಣಿಯನ್ನು ಹಿಂಸಿಸುವವರು ಯಾರಾದರೂ ಇರುವರೆ?" ಎಂದು ಕೇಳಿದೆವು. ಒಬ್ಬಳೂ ಕೈಯೆತ್ತಲಿಲ್ಲ. ನಮಗೆ ಸಂತೋಷವಾಯಿತು. ಆಮೇಲೆ ಏನೋ ತೋರಿ, "ನಿಮ್ಮ ಓಣಿಯಲ್ಲಿ ಬೆಳಗಿನಿಂದ ರಾತ್ರಿಯ ವರೆಗೆ ಕಟ್ಟಿಹಾಕಿದ ನಾಯಿ ಇರುವುದೆ?" ಎಂದು ಕೇಳಿದೆವು. ಮುಕ್ಕಾಲುಪಾಲು ಕೈಗಳು ಮೇಲೆದ್ದವು. ಹುಡುಗಿಯರು ಒಬ್ಬರ ಮುಖವನ್ನೊಬ್ಬರು ನೋಡಿದರು, ನಾವೂ ಸುಮ್ಮನಾದೆವು. ಮೊದಲನೆಯ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಸುಳ್ಳಾಗಿರಲಿಲ್ಲ. ಹಿಂಸೆಯೆಂದರೆ ಕೋಲಿನ ಏಟೆಂದು ಅವರೂ ತಿಳಿದಿದ್ದರು, ನಾವೂ ತಿಳಿದಿದ್ದೆವು.

ಅವರಲ್ಲೊಬ್ಬಳು ಪಾಠ ಮುಗಿದ ಮೇಲೆ ಹಿಂದೆ ಉಳಿದು, ತಮ್ಮ ಮನೆಯ ನಾಯಿಯ ಕೊರಳಿನಿಂದ ದುರ್ವಾಸನೆ ಬರುತ್ತಿದೆ, ಮುಟ್ಟಗೊಡುವುದಿಲ್ಲ ಎಂದು ಹೇಳಿದಳು. ರವಿವಾರದ ದಿನ ಅವಳೊಡನೆ ಹೋದೆವು. ಅಂಗಳದ ಬೇವಿನ ಗಿಡಕ್ಕೆ ಮುಧೋಳದ ಜಾತಿಯ ಎತ್ತರವಾದ ಹೆಣ್ಣುನಾಯಿಯನ್ನು ಕಟ್ಟಿದ್ದರು. ಆ ದಾರಿಯಲ್ಲಿ ನಾವೇ ಎಷ್ಟೋ ಸಲ ಹಾದುಹೋಗಿ, "ಎಂಥ ಚೆಲುವಾದ ನಾಯಿ!" ಎಂದು ಹೊಗಳಿದ್ದುಂಟು. ಹತ್ತಿರ ಹೋಗಿ ನೋಡಲಾಗಿ, ಕೊರಳಿನ ಹಗ್ಗವು ತೊಗಲಿನೊಳಗೆ ಹೂತುಹೋಗಿತ್ತು. ಅದು ಮರಿಯಿದ್ದಾಗ ಕಟ್ಟಿದ ಹಗ್ಗ. ಮರಿ ಬೆಳೆಯಿತು, ಹಗ್ಗ ಬೆಳೆಯಲಿಲ್ಲ. ಮನೆಯ ಅಜ್ಜಿ ಕಣ್ಣೀರು ತಂದುಕೊಂಡು, "ಅಕ್ಕೋರೆ, ನಾವು ಅದಕ್ಕ ಒಂದ ಏಟ ಹಾಕಿಲ್ರಿ. ಎರಡೂ ಹೊತ್ತು ರೊಟ್ಟಿ ಹಾಕತೀವ್ರಿ" ಎಂದಳು. ಆಕೆಯ ಮಾತು ನಿಜವಾಗಿತ್ತು. ಪಶುವೈದ್ಯರು ಬಂದು ಹಗ್ಗವನ್ನು ಕತ್ತರಿಸಿ ತೆಗೆದು ಔಷಧ ಹಚ್ಚಿದರು. ಕೆಲವು ವಾರಗಳಲ್ಲಿ ಗಾಯ ಮಾಯಿತು. ಆದರೆ ಆ ಅಜ್ಜಿಯ ಮಾತು ನಮ್ಮ ಮನಸ್ಸಿನಿಂದ ಮಾಯಲಿಲ್ಲ. ಏಟು ಹಾಕದೆ, ಅನ್ನ ಹಾಕುತ್ತಿದ್ದರೂ, ಒಂದು ಪ್ರಾಣಿಗೆ ತಿಂಗಳುಗಟ್ಟಲೆ ಹಿಂಸೆ ನಡೆಯಬಹುದೆಂಬುದೇ ಈ ಲೇಖನದ ತಿರುಳು.

ನಮ್ಮ ಸೀಮೆಯ ನಾಯಿ

ನಮ್ಮ ನಾಲ್ಕು ತಾಲೂಕುಗಳ ಹೆಸರನ್ನು ದೂರದೇಶದವರಿಗೆ ತಿಳಿಸಿದ ಪ್ರಾಣಿಯೆಂದರೆ ಮುಧೋಳದ ಬೇಟೆನಾಯಿ. ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ವರೆಗೆ ಈ ತಳಿಗೆ ಅರಮನೆಯ ಆಶ್ರಯವಿತ್ತು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ರಾಜರಾಗಿದ್ದ ಮಾಲೋಜಿರಾವ ಘೋರ್ಪಡೆಯವರು ಈ ತಳಿಯನ್ನು ಪ್ರೀತಿಯಿಂದ ಬೆಳೆಯಿಸಿ, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂದು ಹೇಳುವರು. ಭಾರತ ಸರಕಾರದ ಅಂಚೆ ಇಲಾಖೆಯು 2005ರಲ್ಲಿ ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವಿದೆ. 2016ರಲ್ಲಿ ಕೆಲವು ಮರಿಗಳನ್ನು ಭೂಸೇನೆಯವರು ತರಬೇತಿಗಾಗಿ ಮೀರತ್ ನಗರಕ್ಕೆ ಒಯ್ದರು. ಮರಿಗಳನ್ನು ಸಾಕಿ ಮಾರಿ ಹೊಟ್ಟೆ ಹೊರೆಯುವ ಮನೆತನಗಳು ಮುಧೋಳದ ಸುತ್ತಿನ ಹಳ್ಳಿಗಳಲ್ಲಿ ಅನೇಕ ಇವೆ.

ಕನ್ನಡಿಗರಿಗೆ ನಾಯಿಯ ಮೇಲಿನ ಗೌರವವು ಇಂದು ನಿನ್ನೆಯದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಸುಮಾರು 950ನೆಯ ಇಸವಿಯ ಒಂದು ವೀರಗಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ದೊರೆಯಾದ ಮೂರನೆಯ ಕೃಷ್ಣನು ಚೋಳರೊಡನೆ ತಕ್ಕೋಲದಲ್ಲಿ ಹೋರಿದ ಕಾಲ ಅದು. ಗಂಗರ ಬೂತುಗನ ಕಡೆಯ ಮಣಲೇರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಅವನು ಹೊನ್ನನ್ನು ಬೇಡದೆ ಕಾಳಿಯೆಂಬ ನಾಯಿಯನ್ನು ಬೇಡಿದನು. ಮುಂದೆ ಆ ಕಾಳಿಯು ಒಂದು ದೊಡ್ಡ ಹಂದಿಯೊಡನೆ ಕಾದಾಡಲು ಎರಡೂ ಸತ್ತವು. ಮಣಲೇರನು ನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗಾಗಿ ಭೂಮಿಯನ್ನು ಬಿಡಿಸಿದನು. ಸಾವಿರ ವರುಷಗಳ ಹಿಂದೆ ನಾಯಿಗೆ ಕಲ್ಲು ನೆಟ್ಟವರ ನಾಡಿನಲ್ಲಿ ನಾವು ಇಂದು ನಾಯಿಯ ಕೊರಳನ್ನು ನೋಡದೆ ಇರುವುದು ಸರಿಯೆ?

ಕೀರ್ತಿಯಿಂದಲೂ ಕೆಡುಕುಂಟು. ಮುಧೋಳದ ನಾಯಿ ಹೆಸರುವಾಸಿಯಾದಂತೆ ದೂರದ ಪಟ್ಟಣದವರೂ ಊರಿನ ಹೊಸ ಶ್ರೀಮಂತರೂ ಅದನ್ನು ಡೌಲಿಗಾಗಿ ಕೊಳ್ಳತೊಡಗಿದರು. ಇದು ದೃಷ್ಟಿಯಿಂದ ಬೇಟೆಯನ್ನು ಗುರುತಿಸಿ ಓಡಿ ಹಿಡಿಯುವ ಜಾತಿ. ಉದ್ದವಾದ ಕಾಲು, ಆಳವಾದ ಎದೆ, ಒಳಸೇರಿದ ಹೊಟ್ಟೆ, ಇವೆಲ್ಲ ಓಟಕ್ಕಾಗಿಯೇ ಬಂದುವು. ಇಂಥ ಪ್ರಾಣಿಯನ್ನು ಎರಡು ಮೊಳದ ಸರಪಳಿಯಿಂದ ಕಟ್ಟಿ ತಲೆಬಾಗಿಲಲ್ಲಿ ನಿಲ್ಲಿಸುವುದು, ಹಾಡುವವಳ ಬಾಯಿಗೆ ಬಟ್ಟೆ ತುರುಕಿ ಮನೆಗೆ ಅಲಂಕಾರವೆಂದು ಕೂರಿಸಿದಂತೆ. ಕಟ್ಟಿದ ನಾಯಿ ಮೊದಲು ಬೊಗಳುವುದು, ಆಮೇಲೆ ಒಂದೇ ಸುತ್ತು ತಿರುಗುತ್ತಿರುವುದು, ಕೊನೆಗೆ ಎದುರಿಗೆ ಬಂದವರನ್ನು ಕಚ್ಚುವುದು. ಆಗ "ಈ ನಾಯಿ ಕೆಟ್ಟದು" ಎಂದು ಹೊಡೆಯುತ್ತಾರೆ, ಇಲ್ಲವೆ ಊರ ಹೊರಗೆ ಬಿಟ್ಟುಬರುತ್ತಾರೆ.

ಕಾಯದೆ ಏನು ಹೇಳುವುದು?

ಪ್ರಾಣಿಗಳ ಹಿಂಸೆಯನ್ನು ತಡೆಯುವ ಸಂಘವು ಮೊದಲು ಲಂಡನ್ನಿನಲ್ಲಿ 1824ರಲ್ಲಿ ಹುಟ್ಟಿತು. ನಮ್ಮ ದೇಶದಲ್ಲಿ ಕಲಕತ್ತೆಯಲ್ಲಿ 1861ರಲ್ಲಿಯೂ ಮುಂಬಯಿಯಲ್ಲಿ 1874ರಲ್ಲಿಯೂ ಅಂಥ ಸಂಘಗಳು ಆದವು. 1890ರಲ್ಲಿ ಒಂದು ಕಾಯದೆ ಬಂದಿತು. ಆದರೆ ಅದರ ವ್ಯಾಪ್ತಿ ಸಂಕುಚಿತವಾಗಿತ್ತು. ಸ್ವಾತಂತ್ರ್ಯ ಬಂದ ತರುವಾಯ, ಪ್ರಸಿದ್ಧ ನರ್ತಕಿಯೂ ರಾಜ್ಯಸಭೆಯ ಸದಸ್ಯೆಯೂ ಆಗಿದ್ದ ರುಕ್ಮಿಣೀದೇವಿ ಅರುಂಡೇಲರು ಈ ವಿಷಯವನ್ನು ಹಿಡಿದು ಬಿಡದೆ ಹೋರಾಡಿದುದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ನಿವಾರಣೆಯ ಕಾಯದೆಯಾಯಿತು. 1962ರಲ್ಲಿ ಪ್ರಾಣಿಕಲ್ಯಾಣ ಮಂಡಳಿಯು ಸ್ಥಾಪಿತವಾಗಲು ಆಕೆಯೇ ಅದರ ಮೊದಲನೆಯ ಅಧ್ಯಕ್ಷೆಯಾದಳು. ಒಬ್ಬ ಹೆಣ್ಣುಮಗಳ ಅಂತಃಕರಣದಿಂದ ದೇಶಕ್ಕೆಲ್ಲ ಕಾಯದೆಯಾಯಿತೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ನೆನಪಿನಲ್ಲಿಡತಕ್ಕದ್ದು.

ಈ ಕಾಯದೆಯ 11ನೆಯ ಕಲಮನ್ನು ತರಗತಿಯಲ್ಲಿ ಓದಿಸಿದಾಗ ಹುಡುಗಿಯರು ಬೆರಗಾದರು. ಹೊಡೆಯುವುದು, ಒದೆಯುವುದು, ಅಂಗಭಂಗ ಮಾಡುವುದು ಅಪರಾಧವೆಂದು ಎಲ್ಲರೂ ಊಹಿಸಿದ್ದರು. ಆದರೆ ಅತಿ ಗಿಡ್ಡವಾದ ಅಥವಾ ಅತಿ ಭಾರವಾದ ಸರಪಳಿಯಿಂದ ಬಹುಹೊತ್ತು ಕಟ್ಟಿಡುವುದೂ ಅಪರಾಧ. ಸದಾ ಕಟ್ಟಿದ ನಾಯಿಯನ್ನು ತಕ್ಕಷ್ಟು ಓಡಾಡಿಸದೆ ಇರುವುದೂ ಅಪರಾಧ. ಸಾಕಷ್ಟು ಅನ್ನ, ನೀರು, ನೆರಳು ಒದಗಿಸದೆ ಇರುವುದೂ, ಹಸಿವೆ ನೀರಡಿಕೆಗಳಿಂದ ಬಳಲುವಂತೆ ತೊರೆದುಬಿಡುವುದೂ ಅಪರಾಧಗಳೇ. ಮೊದಲನೆಯ ತಪ್ಪಿಗೆ ಇರುವ ದಂಡವು 10ರಿಂದ 50 ರೂಪಾಯಿ ಮಾತ್ರ. ಮೂರು ವರುಷಗಳೊಳಗೆ ಮತ್ತೆ ತಪ್ಪಿದರೆ 25ರಿಂದ 100 ರೂಪಾಯಿ ದಂಡ, ಇಲ್ಲವೆ ಮೂರು ತಿಂಗಳ ವರೆಗೆ ಸೆರೆ, ಇಲ್ಲವೆ ಎರಡೂ. ಪ್ರಾಣಿಯನ್ನು ಬುದ್ಧಿಪೂರ್ವಕವಾಗಿ ಕೊಂದರೆ ಅಥವಾ ಅಂಗಹೀನ ಮಾಡಿದರೆ 2024ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ 325ನೆಯ ಕಲಮಿನಂತೆ ಐದು ವರುಷಗಳ ವರೆಗೆ ಶಿಕ್ಷೆಯಾಗಬಹುದು. ಒಂದು ಹೊತ್ತಿನ ಚಹ-ಫಳಾರದ ಖರ್ಚಿನಷ್ಟು ದಂಡದಿಂದ ಕಟ್ಟಿದ ಹಗ್ಗ ಸಡಿಲಾಗಲಾರದು. ಆದುದರಿಂದ ನಿವಾರಣೆಯ ಭಾರವು ಪೋಲೀಸ ಠಾಣೆಗಿಂತ ಮನೆಯ ಮೇಲೆಯೇ ಹೆಚ್ಚಾಗಿ ಬೀಳುತ್ತದೆ.

ವಿಚಾರಣೆ ಮಾಡುವ ಬಗೆ

2014ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಪ್ರಾಣಿಗಳಿಗೆ ಐದು ಬಿಡುಗಡೆಗಳು ಬೇಕೆಂದು ಒಂದು ತೀರ್ಪಿನಲ್ಲಿ ಎತ್ತಿ ಹೇಳಿತು. ಅವನ್ನೇ ಐದು ಪ್ರಶ್ನೆಗಳನ್ನಾಗಿ ಮಾಡಿಕೊಂಡರೆ ಯಾವ ಮನೆಯ ಸಾಕುಪ್ರಾಣಿಯ ಸ್ಥಿತಿಯನ್ನಾದರೂ ತಿಳಿಯಬಹುದು.

ಮೊದಲನೆಯದು ಹಸಿವೆ ನೀರಡಿಕೆಗಳ ವಿಷಯ. ಇಲ್ಲಿ ಎಚ್ಚರಿಕೆ ಬೇಕು. ಮುಧೋಳದ ನಾಯಿ ಜನ್ಮತಃ ತೆಳು. ಹಿಂದಿನ ಕೆಲವು ಪಕ್ಕೆಲುಬುಗಳೂ ಸೊಂಟದ ಎಲುಬೂ ತೋರಿದ ಮಾತ್ರಕ್ಕೆ ಉಪವಾಸವೆಂದು ದೂರು ಹೇಳಕೂಡದು. ತೊಡೆಯಲ್ಲಿಯೂ ಬೆನ್ನಿನಲ್ಲಿಯೂ ಮಾಂಸ ತುಂಬಿದೆಯೆ, ಕೂದಲಿಗೆ ಹೊಳಪು ಇದೆಯೆ ಎಂದು ನೋಡಬೇಕು. ತೊಡೆ ಬತ್ತಿ, ಬೆನ್ನೆಲುಬು ಗರಗಸದಂತೆ ಎದ್ದು, ಕಣ್ಣು ಗುಳಿಬಿದ್ದಿದ್ದರೆ ಅದು ಹಸಿವೆ ಅಥವಾ ರೋಗ. ನೀರಿನ ಪಾತ್ರೆ ಹಗ್ಗದ ಅಳತೆಯೊಳಗೆ ಇದೆಯೆ, ಅದರಲ್ಲಿ ನೀರು ಇದೆಯೆ ಎಂಬುದನ್ನೂ ನೋಡಬೇಕು. ಎಷ್ಟೋ ಮನೆಗಳಲ್ಲಿ ಪಾತ್ರೆ ಇರುತ್ತದೆ. ನಾಯಿಗೆ ಮಾತ್ರ ಎಟುಕುವುದಿಲ್ಲ.

ಎರಡನೆಯದು ನೆಲೆಯ ಸುಖ. ಶಿವರಾತ್ರಿಯಿಂದ ಮಿರಗದ ಮಳೆಯ ವರೆಗೆ ನಮ್ಮ ಸೀಮೆಯ ಬಿಸಿಲನ್ನು ಬಲ್ಲವರೇ ಬಲ್ಲರು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕಿಯೇ ಅದು ಮೈಯ ಕಾವನ್ನು ಇಳಿಸಿಕೊಳ್ಳಬೇಕು. ಮುಂಜಾನೆ ನೆರಳಿದ್ದ ಜಾಗದಲ್ಲಿ ಮಧ್ಯಾಹ್ನ ಬಿಸಿಲಿರುತ್ತದೆ. ಆದುದರಿಂದ ವಿಚಾರಣೆಯನ್ನು ಮಧ್ಯಾಹ್ನದಲ್ಲಿಯೇ ಮಾಡತಕ್ಕದ್ದು. ಮೈಮೇಲೆ ಕೊಬ್ಬು ಕಡಿಮೆಯಾದುದರಿಂದ ಬರಿಯ ಕಲ್ಲಿನ ಮೇಲೆ ಮಲಗುವ ಮುಧೋಳದ ನಾಯಿಗೆ ಮೊಣಕೈಗಳಲ್ಲಿ ಹುಣ್ಣಾಗುತ್ತದೆ. ಒಂದು ಹಳೆಯ ಗೋಣಿಚೀಲವೇ ಅದಕ್ಕೆ ಸಾಕಾದ ಪರಿಹಾರ.

ಮೂರನೆಯದು ನೋವು, ಗಾಯ, ರೋಗ. ಕೊರಳಪಟ್ಟಿಯ ಕೆಳಗೆ ಎರಡು ಬೆರಳುಗಳು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಅಂದೇ ಸಡಿಲಿಸಬೇಕು. ನಾಲ್ಕನೆಯದು ಭಯ. ಒಡೆಯನು ಕೈಯೆತ್ತಿದೊಡನೆ ಪ್ರಾಣಿಯು ಕುಗ್ಗಿ ನೆಲಕ್ಕೆ ಹತ್ತಿದರೆ, ಮನೆಯವರು ಬಾಯಿಯಿಂದ ಹೇಳದುದನ್ನು ಅದು ಮೈಯಿಂದ ಹೇಳಿತೆಂದು ತಿಳಿಯಬೇಕು. ಐದನೆಯದು ಸ್ವಭಾವಕ್ಕೆ ತಕ್ಕಂತೆ ನಡೆಯುವ ಬಿಡುಗಡೆ. ಇದೇ ನಮ್ಮಲ್ಲಿ ಎಲ್ಲಕ್ಕೂ ಹೆಚ್ಚಾಗಿ ಮರೆತುಹೋದದ್ದು. "ಇದನ್ನು ದಿನಕ್ಕೆ ಎಷ್ಟು ಹೊತ್ತು ಬಿಚ್ಚುವಿರಿ?" ಎಂದು ಕೇಳಿದರೆ ಅರ್ಧ ವಿಚಾರಣೆ ಮುಗಿದಂತೆಯೇ.

ಇನ್ನು ವಿಚಾರಿಸುವವರ ನಡತೆ. ಹುಡುಗಿಯರು ಒಂಟಿಯಾಗಿ ಹೋಗಕೂಡದು, ಹಿರಿಯರೊಡನೆ ಹೋಗಬೇಕು. ಕಟ್ಟಿದ ಅಪರಿಚಿತ ನಾಯಿಯನ್ನು ಮುಟ್ಟಕೂಡದು. ಮನೆಯವರನ್ನು ಕಾಕಾ, ಚಿಗವ್ವ, ಅಜ್ಜಿ ಎಂದು ವಾಡಿಕೆಯಂತೆ ಕರೆದು, ನಾಯಿಯ ಹೆಸರು, ವಯಸ್ಸು ಕೇಳಿ ಮಾತು ಮೊದಲುಮಾಡಬೇಕು. ತಪ್ಪನ್ನು ಎತ್ತಿ ಆಡಿದರೆ ಬಾಗಿಲು ಮುಚ್ಚುತ್ತದೆ. ಸಹಾಯ ಮಾಡುವೆವೆಂದರೆ ತೆರೆಯುತ್ತದೆ. ಕಂಡುದನ್ನು ತಾರೀಖು ಸಹಿತ ಬರೆದಿಟ್ಟುಕೊಳ್ಳಬೇಕು. ಕೇಳಿದುದನ್ನು ಕಂಡಂತೆ ಬರೆಯಕೂಡದು. ಮೊಬೈಲಿನಲ್ಲಿ ಚಿತ್ರ ತೆಗೆದು ಊರಿಗೆಲ್ಲ ಹಬ್ಬಿಸುವುದರಿಂದ ಮನೆಯವರ ಮಾನ ಹೋಗುವುದೇ ಹೊರತು ನಾಯಿಯ ಹಗ್ಗ ಸಡಿಲವಾಗದು. ಒಂದು ವಾರದ ಮೇಲೆ ಮತ್ತೆ ಹೋಗಿ ನೋಡಬೇಕು. ಸುಧಾರಣೆ ಆಗದಿದ್ದರೆ ಪಶುವೈದ್ಯರನ್ನು ಕರೆತರಬೇಕು. ಅದೂ ಫಲಿಸದಿದ್ದರೆ, ಅಥವಾ ಪ್ರಾಣಾಪಾಯವಿದ್ದರೆ ತಡಮಾಡದೆ, ಬರೆದ ದೂರನ್ನು ಪೋಲೀಸ ಠಾಣೆಗೆ ಕೊಡಬೇಕು. 1960ರ ಕಾಯದೆಯ ಮೊಕದ್ದಮೆಯನ್ನು ಅಪರಾಧ ನಡೆದ ಮೂರು ತಿಂಗಳೊಳಗೇ ಹೂಡಬೇಕಾದುದರಿಂದ ನಾಳೆ ನಾಡಿದ್ದು ಎಂದು ತಳ್ಳುವಂತಿಲ್ಲ.

ಪ್ರಾಣಿಯ ವಿಚಾರಣೆಗೆ ಹೋದವರು ಮನೆಯ ಮಕ್ಕಳ ಕಡೆಗೂ ಒಂದು ದೃಷ್ಟಿ ಇಡಲಿ. 1874ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಮೇರಿ ಎಲನ್ ಎಂಬ ಬಾಲೆಯನ್ನು ಸಾಕಿದವರು ಕ್ರೂರವಾಗಿ ಹೊಡೆಯುತ್ತಿದ್ದರು. ಅದನ್ನು ಕಂಡ ಎಟ್ಟಾ ವೀಲರ್ ಎಂಬ ಮಹಿಳೆಗೆ ಬೇರೆಲ್ಲಿಯೂ ಸಹಾಯ ದೊರೆಯದೆ, ಕೊನೆಗೆ ಪ್ರಾಣಿಹಿಂಸೆ ತಡೆಯುವ ಸಂಘದ ಹೆನ್ರಿ ಬರ್ಗ್ ಅವರ ಮೊರೆಹೊಕ್ಕಳು. ಅವರ ನೆರವಿನಿಂದ ಬಾಲೆ ಬಿಡುಗಡೆ ಹೊಂದಿದಳು. ಮಕ್ಕಳ ರಕ್ಷಣೆಯ ಸಂಘವೂ ಅದರಿಂದಲೇ ಹುಟ್ಟಿತು. ಮಾತು ಬಾರದವರ ನೋವನ್ನು ಕಾಣಕಲಿತ ಕಣ್ಣಿಗೆ, ಮಾತಾಡಲು ಅಂಜುವವರ ನೋವೂ ಕಾಣಿಸುತ್ತದೆ.

ನಿವಾರಣೆಯ ಮಾರ್ಗಗಳು

ನಾಯಿಯನ್ನು ಕಟ್ಟಲೇಬೇಕಾದರೆ ಹಗ್ಗವು ಹಗುರವಾಗಿಯೂ ಉದ್ದವಾಗಿಯೂ ಇರಲಿ. ನೆರಳು, ನೀರು, ಮಲಗುವ ಜಾಗ ಮೂರೂ ಎಟುಕಲಿ. ಬೆಳಿಗ್ಗೆ ಸಂಜೆ ಹೊಲದ ಬದುವಿನಲ್ಲೋ ಗೋಡೆಯುಳ್ಳ ಬಯಲಿನಲ್ಲೋ ಓಡಲು ಬಿಡಿರಿ. ಮೊಲದ ಬೇಟೆಗೆ ಬಿಡುವುದು ಮಾತ್ರ ಬೇಡ. 1972ರ ವನ್ಯಜೀವಿ ಕಾಯದೆಯಿಂದ ಅದು ಅಪರಾಧ. ಬರಿಯ ರೊಟ್ಟಿ ಮಜ್ಜಿಗೆಗಳಿಂದ ಮರಿ ಬೆಳೆಯಲಾರದು. ಮೊಟ್ಟೆ ಮಾಂಸಗಳನ್ನು ಮುಟ್ಟದ ಮನೆಗಳಲ್ಲಿ ಬೆಂದ ಬೇಳೆ, ಮೊಸರುಗಳನ್ನಾದರೂ ಕೂಡಿಸಬೇಕು. ಅದಕ್ಕೆ ಇಷ್ಟು ಸಾಕೇ ಎಂದು ಪಶುವೈದ್ಯರನ್ನು ಕೇಳುವುದು ಒಳ್ಳೆಯದು. ಉಳ್ಳಾಗಡ್ಡಿ ಬೆಳ್ಳುಳ್ಳಿ ಬೆರೆತ ಪಲ್ಯವು ನಾಯಿಗೆ ವಿಷಸಮಾನ.

ಮರಿಗಳನ್ನು ಮಾರುವ ಮನೆತನಗಳವರು 2017ರ ನಿಯಮಗಳನ್ನು ತಿಳಿದಿರಬೇಕು. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸಿ ಮಾರಕೂಡದು. ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಈಯಿಸಕೂಡದು. ಕೊಳ್ಳಲು ಬಂದವರಿಗೆ "ನಿಮ್ಮಲ್ಲಿ ಇದು ಓಡಲು ಜಾಗವಿದೆಯೆ?" ಎಂದು ಕೇಳುವುದು ತಳಿಯ ಕೀರ್ತಿಯನ್ನು ಕಾಯುವ ಮಾತು, ಇಲ್ಲವೆಂದವರಿಗೆ ಮಾರದಿರುವುದು ಇನ್ನೂ ಮೇಲು.

ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ನೂಲನ್ನು ಕಡಿಯುವ ಇಲಿಗಳಿಗಾಗಿ ಬೆಕ್ಕನ್ನು ಸಾಕುವುದುಂಟು. ಬೆಕ್ಕು ಇಲಿಗಳಿಂದಲೇ ಹೊಟ್ಟೆ ತುಂಬಿಕೊಳ್ಳಲೆಂದು ಅನ್ನ ಹಾಕದಿರುವುದು ತಪ್ಪು. ಉಂಡ ಬೆಕ್ಕೇ ಚೆನ್ನಾಗಿ ಬೇಟೆಯಾಡುತ್ತದೆ. ಮರಿಗಳು ಹೆಚ್ಚಾದುವೆಂದು ಚೀಲದಲ್ಲಿ ಕಟ್ಟಿ ಸಂತೆಯ ಬಯಲಿನಲ್ಲಿ ಬಿಟ್ಟುಬರುವುದು ಕೊಲೆಗೆ ಸಮಾನ. ಸಂತಾನಶಸ್ತ್ರಚಿಕಿತ್ಸೆ ಮಾಡಿಸುವುದು ಎಷ್ಟೋ ದಯೆಯ ಕೆಲಸ. ಪಂಜರದಲ್ಲಿ ಕಾಡಿನ ಗಿಳಿಯನ್ನು ಇಡುವುದನ್ನಂತೂ ಕಾಯದೆಯೇ ಸಂಪೂರ್ಣವಾಗಿ ನಿಷೇಧಿಸಿದೆ.

ಹುಚ್ಚುನಾಯಿಯ ಭಯದಿಂದ ನಡೆಯುವ ಹಿಂಸೆಯೂ ಕಡಿಮೆಯಲ್ಲ. ಅದಕ್ಕೆ ಮದ್ದು ಕಲ್ಲಲ್ಲ, ಲಸಿಕೆ. ಮೂರು ತಿಂಗಳ ಮರಿಗೆ ಮೊದಲ ಲಸಿಕೆ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ಮುಂದುವರಿಸಬೇಕು. ಕಚ್ಚಿಸಿಕೊಂಡವರು ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಿಂದ ತೊಳೆದು ಕೂಡಲೆ ದವಾಖಾನೆಗೆ ಹೋಗತಕ್ಕದ್ದು.

ಕೊನೆಯದೊಂದು ಮಾತು ಪ್ರವಾಹದ ವಿಷಯ. 2019ರ ಆಗಸ್ಟಿನಲ್ಲಿ ಕೃಷ್ಣೆ ಘಟಪ್ರಭೆಗಳು ಉಕ್ಕಿ ಜಮಖಂಡಿ, ಮುಧೋಳಗಳ ಕಡೆಯ ಊರುಗಳಿಗೆ ನುಗ್ಗಿದುದನ್ನು ಯಾರೂ ಮರೆತಿಲ್ಲ. ಕೈಗೆ ಸಿಕ್ಕುದನ್ನು ಹಿಡಿದು ಓಡುವ ಹೊತ್ತಿನಲ್ಲಿ ಪ್ರಾಣಿಯನ್ನು ಒಯ್ಯುವುದು ಎಲ್ಲರಿಂದಲೂ ಆಗದು. ಅದಕ್ಕಾಗಿ ಯಾರನ್ನೂ ದೂರಲಾರೆವು. ಆದರೆ ಹಗ್ಗ ಬಿಚ್ಚುವುದು ಒಂದು ನಿಮಿಷದ ಕೆಲಸ. ಬಿಚ್ಚಿದ ನಾಯಿ ಈಜಿ ದಂಡೆ ಸೇರಬಹುದು. ಕಟ್ಟಿದ ನಾಯಿ ಮನೆಯನ್ನು ಕಾಯುತ್ತಲೇ ಮುಳುಗುತ್ತದೆ. ಪ್ರತಿಯೊಂದು ಮನೆಯಲ್ಲಿಯೂ, ನೀರು ಬಂದರೆ ಹಗ್ಗ ಬಿಚ್ಚುವವರು ಯಾರೆಂದು ಮಳೆಗಾಲಕ್ಕೆ ಮುಂಚೆಯೇ ಗೊತ್ತುಮಾಡಿರಬೇಕು. ಆ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಿದರೆ ಅವರು ಮರೆಯಲಾರರು. ನೀರು ಹತ್ತಿರ ಬರುವುದಕ್ಕೆ ಮುಂಚೆಯೇ, ಹಿರಿಯರ ಜೊತೆಯಲ್ಲಿ ಅದನ್ನು ಮಾಡಲಿ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಇಂದು ಮನೆಯ ಒಡತಿಯರು. ಯಾವ ಪ್ರಾಣಿ ಬಾಗಿಲೊಳಗೆ ಬರಬೇಕು, ಎಲ್ಲಿ ಮಲಗಬೇಕು, ಏನು ಉಣ್ಣಬೇಕು ಎಂಬುದೆಲ್ಲ ನಿಮ್ಮ ಕೈಯಲ್ಲಿದೆ. ಪಾಲಕರೇ, ಮಗಳು ಹಟಹಿಡಿದಳೆಂದು ಮರಿಯನ್ನು ತರುವ ಮುಂಚೆ, ಹತ್ತು ಹನ್ನೆರಡು ವರುಷ ಅದನ್ನು ಓಡಾಡಿಸುವವರು ಯಾರೆಂದು ಯೋಚಿಸಿರಿ; ತಂದ ಮೇಲೆ ಕೈಬಿಡಬೇಡಿರಿ. ನಾವು ಭೇಟಿಕೊಟ್ಟ ಮನೆಯ ಅಜ್ಜಿ ಈಗ ಪ್ರತಿ ರವಿವಾರ ನಾಯಿಯ ಕೊರಳಪಟ್ಟಿಯೊಳಗೆ ಎರಡು ಬೆರಳು ಹಾಕಿ ನೋಡುತ್ತಾಳಂತೆ. ಮೊಮ್ಮಗಳು ನಮಗೆ ಹೇಳಿದಳು. ಈ ಲೇಖನವನ್ನು ಓದಿ ಮುಗಿಸಿದವರು ಸಂಚಿಕೆಯನ್ನು ಕೆಳಗಿಟ್ಟು, ತಮ್ಮ ಅಂಗಳಕ್ಕೆ ಹೋಗಿ ಅಷ್ಟನ್ನೇ ಮಾಡಿದರೆ ನಮ್ಮ ಪಾಠ ಸಾರ್ಥಕವಾಯಿತೆಂದು ತಿಳಿಯುವೆವು.